ಗ್ರಾಹಕರ ಮನ ಮುಟ್ಟುವ ಜಾಹೀರಾತು ಬರೆಯುವುದು ಹೇಗೆ: ಗಾಣದ ಎಣ್ಣೆ ಮಾರುವವರನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮರದ ಗಾಣದ ಕಡಲೆಕಾಯಿ ಎಣ್ಣೆ ಮಾರುವವರ ಹತ್ತು ವಾಟ್ಸಾಪ್ ಜಾಹೀರಾತುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ. ‘ಪರಿಶುದ್ಧ’, ‘ಆರೋಗ್ಯಕರ’, ‘ಪ್ರೀತಿಯಿಂದ ತಯಾರಿಸಿದ್ದು’, ‘ನಮ್ಮ ಹಿರಿಯರ ಸಂಪ್ರದಾಯ’. ಈ ನಾಲ್ಕು ಮಾತು ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಗುತ್ತವೆ. ಅಂಗಡಿಯ ಹೆಸರು ಅಳಿಸಿದರೆ ಯಾವುದು ಯಾರದೆಂದು ಮಾರುವವರಿಗೇ ಗುರುತು ಹತ್ತದು. ಎಣ್ಣೆ ಚೆನ್ನಾಗಿಯೇ ಇರಬಹುದು, ಆದರೆ ಓದಿದವರ ಮನಸ್ಸಿನಲ್ಲಿ ಏನೂ ಕದಲುವುದಿಲ್ಲ.

ಏಕೆಂಬುದು ನಮ್ಮ ಕಾವ್ಯಶಾಸ್ತ್ರಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. ನಾಟಕದಲ್ಲಿ ಪಾತ್ರ ಬಂದು ‘ಇದು ಕರುಣ, ಇದು ಶೃಂಗಾರ’ ಎಂದು ಹೇಳಿದರೆ ನೋಡುವವರಲ್ಲಿ ಕರುಣವೂ ಹುಟ್ಟದು, ಶೃಂಗಾರವೂ ಹುಟ್ಟದು. ಭಾವವನ್ನು ಅದರ ಹೆಸರಿನಿಂದಲೇ ಕರೆಯುವುದನ್ನು ಆಲಂಕಾರಿಕರು ‘ಸ್ವಶಬ್ದವಾಚ್ಯತ್ವ’ ಎಂಬ ದೋಷವಾಗಿ ಎಣಿಸಿದರು. ಭಾವ ಹುಟ್ಟಲು ವಿಭಾವ ಬೇಕು, ಅಂದರೆ ಅದನ್ನು ಎಬ್ಬಿಸುವ ವ್ಯಕ್ತಿ, ವಸ್ತು, ಹೊತ್ತು, ಜಾಗ. ‘ಪ್ರೀತಿಯಿಂದ ತಯಾರಿಸಿದ ಎಣ್ಣೆ’ ಎನ್ನುವುದು ಹೆಸರು ಹೇಳಿದಂತೆ. ‘ಅಜ್ಜಿ ಒಗ್ಗರಣೆ ಹಾಕಿದರೆ ಮೂರನೇ ಮನೆಗೆ ಗೊತ್ತಾಗುತ್ತಿತ್ತು’ ಎನ್ನುವುದು ವಿಭಾವ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ. ಉದಾಹರಣೆಗೆ ಎಣ್ಣೆ ತೆಗೆದುಕೊಂಡಿದ್ದೇವೆ. ಹಪ್ಪಳ, ಸೀರೆ, ಟ್ಯೂಷನ್, ವಿಮೆ ಏನೇ ಮಾರಿದರೂ ಕೆಲಸದ ಕ್ರಮ ಇದೇ.

ಹಂತ 1: ಕೊಂಡವರನ್ನು ಕೇಳಿ, ಆದರೆ ‘ಯಾಕೆ’ ಎಂದು ಕೇಳಬೇಡಿ

ಈಗಾಗಲೇ ನಿಮ್ಮಿಂದ ಎರಡು ಬಾರಿಯಾದರೂ ಕೊಂಡ ಹತ್ತು ಜನರನ್ನು ಆರಿಸಿ. ಒಮ್ಮೆ ಮಾತ್ರ ಕೊಂಡವರಲ್ಲಿ ಕುತೂಹಲಕ್ಕೆ ಕೊಂಡವರೂ ಇರುತ್ತಾರೆ, ಅವರಿಂದ ನಿಮಗೆ ಬೇಕಾದದ್ದು ಸಿಗುವುದಿಲ್ಲ. ಫೋನಿನಲ್ಲಿ ಹದಿನೈದು ನಿಮಿಷ ಸಾಕು. ‘ನಮ್ಮ ಎಣ್ಣೆ ಯಾಕೆ ತಗೋತೀರಿ?’ ಎಂದು ಕೇಳಿದರೆ ಎಲ್ಲರೂ ‘ಆರೋಗ್ಯಕ್ಕೆ ಒಳ್ಳೇದು’ ಎಂದೇ ಹೇಳುತ್ತಾರೆ. ಅದು ಕೇಳಿದವರ ಮರ್ಯಾದೆಗೆ ಕೊಟ್ಟ ಉತ್ತರ. ಬದಲಿಗೆ ನಡೆದದ್ದನ್ನು ಕೇಳಿ: ಮೊದಲ ಸಲ ಆರ್ಡರ್ ಮಾಡಿದ ದಿನ ಮನೆಯಲ್ಲಿ ಏನು ನಡೆದಿತ್ತು? ಅದಕ್ಕೂ ಮೊದಲು ಯಾವ ಎಣ್ಣೆ ಬಳಸುತ್ತಿದ್ದಿರಿ, ಅದನ್ನು ಬಿಟ್ಟಿದ್ದು ಯಾವಾಗ? ಬಾಟಲಿ ಮನೆಗೆ ಬಂದಾಗ ಮೊದಲು ಯಾರು ಏನಂದರು? ಯಾವ ಅಡುಗೆಗೆ ಮೊದಲು ಹಾಕಿದಿರಿ? ಬೆಲೆ ಕೇಳಿ ಮನೆಯಲ್ಲಿ ಯಾರಾದರೂ ಬೇಡವೆಂದರೇ, ಅವರಿಗೆ ನೀವು ಏನು ಹೇಳಿದಿರಿ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ನಿಮ್ಮ ಜಾಹೀರಾತಿನ ಅತ್ಯುತ್ತಮ ಸಾಲು ಆ ಉತ್ತರದಲ್ಲೇ ಅಡಗಿರುವ ಸಾಧ್ಯತೆ ಹೆಚ್ಚು.

ಉತ್ತರಗಳನ್ನು ಅವರು ಆಡಿದ ಮಾತಿನಲ್ಲೇ ಬರೆದುಕೊಳ್ಳಿ. ‘ಅತ್ತೆ ಬಾಟಲಿ ಮುಚ್ಚಳ ತೆಗೆದು ಮೂಸಿ ನೋಡಿ ಸುಮ್ಮನಾದರು’ ಎಂದರೆ ಹಾಗೆಯೇ ಬರೆಯಿರಿ, ‘ಹಿರಿಯರ ಮೆಚ್ಚುಗೆ’ ಎಂದು ತಿದ್ದಬೇಡಿ. ಹತ್ತೂ ಜನರ ಮಾತು ಮುಗಿದ ಮೇಲೆ ಒಂದೇ ಬಗೆಯ ಗಳಿಗೆ ಎಷ್ಟು ಬಾರಿ ಬಂತು ಎಂದು ಎಣಿಸಿ. ಹತ್ತರಲ್ಲಿ ಮೂರು ನಾಲ್ಕು ಬಾರಿ ಬಂದದ್ದೇ ನಿಮ್ಮ ಕೈಗೆ ಸಿಕ್ಕ ಎಳೆ. ಯಾವುದೂ ಎರಡಕ್ಕಿಂತ ಹೆಚ್ಚು ಬರದಿದ್ದರೆ ಇನ್ನೂ ಐದು ಜನರನ್ನು ಕೇಳಿ.

ಹಂತ 2: ಒಂದೇ ಭಾವ ಆರಿಸಿ

ಒಂದು ಜಾಹೀರಾತಿಗೆ ಒಂದು ಭಾವ. ಬಾಲ್ಯದ ನೆನಪು, ಮಗುವಿನ ಆರೋಗ್ಯದ ಆತಂಕ, ರೈತರ ಮೇಲಿನ ಅಭಿಮಾನ ಮೂರನ್ನೂ ಆರು ಸಾಲಿನಲ್ಲಿ ತುರುಕಿದರೆ ಒಂದು ಹುಟ್ಟುವ ಮೊದಲೇ ಇನ್ನೊಂದು ಬಂದು ಅದನ್ನು ಕೆಡಿಸುತ್ತದೆ.

ಅಡುಗೆಯ ಪದಾರ್ಥಕ್ಕೆ ಹೆಚ್ಚು ಹೊಂದುವುದು ನೆನಪಿನ ಹಂಬಲ ಮತ್ತು ವಾತ್ಸಲ್ಯ. ವಿಮೆ, ಬೀಗ, ನೀರಿನ ಫಿಲ್ಟರಿಗೆ ನಿರಾಳತೆ. ಸೀರೆ, ಒಡವೆ, ಉಡುಗೊರೆಗೆ ಹೆಮ್ಮೆ. ಹೆಮ್ಮೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮೈಸೂರು ಸ್ಯಾಂಡಲ್ ಸೋಪು ನೋಡಿ. ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಅಂಡಾಕಾರದ ಬಿಲ್ಲೆ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು, ನಿಜವಾದ ಗಂಧದೆಣ್ಣೆಯ ಪರಿಮಳ. ‘ಹೆಮ್ಮೆ ಪಡಿ’ ಎಂಬ ಮಾತಿಗಿಂತ ಆ ಡಬ್ಬಿಯೇ ಹೆಚ್ಚು ಕೆಲಸ ಮಾಡುತ್ತದೆ. ನೆಂಟರ ಮನೆಗೆ ಒಯ್ಯುವ ಚೀಲದಲ್ಲಿ ಅದಕ್ಕೆ ತಾನಾಗಿಯೇ ಜಾಗ ಸಿಗುತ್ತದೆ.

ಭಯದ ವಿಷಯದಲ್ಲಿ ನಿಧಾನಿಸಿ. ಹೊಸಬರು ಮೊದಲು ಕೈ ಹಾಕುವುದು ಅದಕ್ಕೇ, ಹೆಚ್ಚು ಕೆಡುವುದೂ ಅದೇ. 1965ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನವನ್ನು ಜಾಹೀರಾತು ಬರೆಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಹೊವಾರ್ಡ್ ಲೆವೆಂತಾಲ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ಧನುರ್ವಾಯು ಕುರಿತ ಕಿರುಹೊತ್ತಿಗೆ ಕೊಟ್ಟರು. ಕೆಲವರಿಗೆ ಬೆಚ್ಚಿಬೀಳಿಸುವಂಥದ್ದು, ಕೆಲವರಿಗೆ ಸೌಮ್ಯವಾದದ್ದು. ಹೆಚ್ಚು ಹೆದರಿದವರು ಚುಚ್ಚುಮದ್ದು ಮುಖ್ಯವೆಂದು ಹೆಚ್ಚು ಒಪ್ಪಿದರು. ಆದರೆ ನಿಜವಾಗಿ ಹೋಗಿ ಹಾಕಿಸಿಕೊಂಡವರ ಲೆಕ್ಕದಲ್ಲಿ ಹೆದರಿಕೆಯ ಪ್ರಮಾಣ ವ್ಯತ್ಯಾಸ ಮಾಡಲಿಲ್ಲ. ವ್ಯತ್ಯಾಸ ಮಾಡಿದ್ದು ಆರೋಗ್ಯ ಕೇಂದ್ರಕ್ಕೆ ದಾರಿ ತೋರಿಸುವ ನಕ್ಷೆ ಮತ್ತು ಯಾವಾಗ ಹೋಗಬಹುದೆಂದು ಯೋಚಿಸಲು ಕೊಟ್ಟ ಸೂಚನೆ. ಅದು ಸಿಕ್ಕವರಲ್ಲಿ ಸುಮಾರು ಶೇ. 28, ಸಿಗದವರಲ್ಲಿ ಸುಮಾರು ಶೇ. 3 ಮಂದಿ ಹೋದರು. ಹೆದರಿಸಿ ದಾರಿ ತೋರಿಸದಿದ್ದರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ, ಅಷ್ಟೆ. ನೀವು ಮಾರುವ ವಸ್ತು ಆ ಅಪಾಯವನ್ನು ನಿಜವಾಗಿಯೂ ತಪ್ಪಿಸುತ್ತದೆ, ಮತ್ತು ಮುಂದಿನ ಹೆಜ್ಜೆ ಒಂದೇ ಸಾಲಿನಲ್ಲಿ ಹೇಳಬಲ್ಲಷ್ಟು ಸುಲಭ. ಇವೆರಡೂ ಇದ್ದರೆ ಮಾತ್ರ ಭಯವನ್ನು ಮುಟ್ಟಿ. ಎಣ್ಣೆಗೆ ಮೊದಲನೆಯದು ಇಲ್ಲ.

ಹಂತ 3: ವಿಭಾವ ಹುಡುಕಿ

ಇದೇ ಇಡೀ ಕೆಲಸದ ತಿರುಳು, ಹೆಚ್ಚು ಹೊತ್ತು ಕೊಡಬೇಕಾದ ಹಂತ. ಆರಿಸಿದ ಭಾವವನ್ನು ಹಾಳೆಯ ಮೇಲೆ ಬರೆಯಿರಿ. ಅದರ ಕೆಳಗೆ ಇಪ್ಪತ್ತು ವಸ್ತು, ಶಬ್ದ, ವಾಸನೆ, ಸನ್ನೆ ಪಟ್ಟಿ ಮಾಡಿ. ಮೊದಲ ಏಳೆಂಟು ಎಲ್ಲರಿಗೂ ಹೊಳೆಯುವಂಥವು: ಅಜ್ಜಿ, ಎತ್ತಿನ ಗಾಣ, ಹಳ್ಳಿ, ಹಸಿರು ಹೊಲ. ಅವನ್ನು ಹೊಡೆದುಹಾಕಿ. ಹತ್ತರಾಚೆಗೆ ಬರುವವು ನಿಮ್ಮವು: ಎಣ್ಣೆ ಜಿಡ್ಡಿಗೆ ಕಪ್ಪಾದ ಮರದ ಮುಚ್ಚಳ, ಸಾಸಿವೆ ಸಿಡಿದಾಗ ಹಿಂದೆ ಸರಿಯುವ ಮಗು, ಬಾಟಲಿ ಖಾಲಿಯಾದ ಮೇಲೂ ತಲೆಕೆಳಗಾಗಿ ನಿಲ್ಲಿಸಿ ಕೊನೆಯ ಹನಿ ಇಳಿಸುವ ಅಮ್ಮ, ಮೂಸಿ ನೋಡಿ ಸುಮ್ಮನಾದ ಅತ್ತೆ. ಅಜ್ಜಿಯನ್ನು ಬಿಡಲೇಬೇಕೆಂದಿಲ್ಲ. ಆದರೆ ಅವರು ಬರುವುದಾದರೆ ನಗುತ್ತ ಕುಳಿತ ಚಿತ್ರವಾಗಿ ಬರಬಾರದು, ಏನಾದರೂ ಮಾಡುತ್ತಿರಬೇಕು.

ಆರಿಸುವಾಗ ಮೂರು ಪರೀಕ್ಷೆ ಮಾಡಿ. ಅದು ಕಣ್ಣಿಗೆ ಕಾಣುತ್ತದೆಯೇ, ಕಿವಿಗೆ ಕೇಳುತ್ತದೆಯೇ, ಮೂಗಿಗೆ ತಟ್ಟುತ್ತದೆಯೇ? ನೀವು ಮಾರುವ ವಸ್ತುವೇ ಅದಕ್ಕೆ ಕಾರಣವೇ? ಅದೇ ಚಿತ್ರವನ್ನು ತುಪ್ಪದ ಜಾಹೀರಾತಿಗೂ ಇಡಬಹುದಾದರೆ ಬಿಟ್ಟುಬಿಡಿ. ಮೂರನೆಯದು ಊರಿನದು. ಹಳೇ ಮೈಸೂರಿನ ಕಡೆ ‘ಕಡಲೆಕಾಯಿ ಎಣ್ಣೆ’ ಎಂದರೆ ಒಗ್ಗರಣೆಯ ಘಮ ನೆನಪಾಗುತ್ತದೆ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಅದು ‘ಶೇಂಗಾ ಎಣ್ಣಿ’. ಅಲ್ಲಿನ ವಿಭಾವ ಬಿಸಿ ರೊಟ್ಟಿ, ಪಕ್ಕದಲ್ಲಿ ಶೇಂಗಾ ಚಟ್ನಿ, ಚಟ್ನಿಯ ನಡುವೆ ಬೆರಳಿಂದ ಮಾಡಿದ ಕುಳಿಗೆ ಸುರಿದ ಹಸಿ ಎಣ್ಣಿ. ದಾವಣಗೆರೆಯಲ್ಲಿ ಮಂಡಕ್ಕಿ ಹೇಳಬಹುದು. ಕರಾವಳಿಯಲ್ಲಿ ಮನಸ್ಸು ತೆಂಗಿನೆಣ್ಣೆಯ ಕಡೆ ಓಡುತ್ತದೆ, ಅಲ್ಲಿ ಕಡಲೆಕಾಯಿ ಎಣ್ಣೆಗೆ ನೆನಪಿನ ದಾರಿ ಹಿಡಿದರೆ ಪ್ರಯೋಜನ ಕಡಿಮೆ. ಒಂದೇ ಸಂದೇಶವನ್ನು ರಾಜ್ಯದ ಎಲ್ಲ ಕಡೆಗೂ ಕಳಿಸುವವರು ಎಲ್ಲ ಭಾಗದವರಿಗೂ ಪರಕೀಯರಾಗುತ್ತಾರೆ.

ಜನರನ್ನು ತೋರಿಸುವುದಾದರೆ ಒಬ್ಬರನ್ನು ತೋರಿಸಿ. ಸ್ಮಾಲ್, ಲೋವೆನ್‌ಸ್ಟೀನ್, ಸ್ಲೋವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬ ಹುಡುಗಿಯ ಚಿತ್ರ ಮತ್ತು ಕಥೆ ಓದಿದವರು, ಲಕ್ಷಾಂತರ ಜನರ ಅಂಕಿಅಂಶ ಓದಿದವರಿಗಿಂತ ಸುಮಾರು ಎರಡರಷ್ಟು ದಾನ ಕೊಟ್ಟರು. ಕಥೆಯ ಪಕ್ಕದಲ್ಲೇ ಅಂಕಿಅಂಶ ಇಟ್ಟಾಗ ದಾನ ಮತ್ತೆ ಇಳಿಯಿತು. ಹಾಗಾಗಿ ‘ನೂರಾರು ರೈತ ಕುಟುಂಬಗಳಿಗೆ ಆಸರೆ’ ಎನ್ನುವ ಬದಲು ನಿಮಗೆ ಬೀಜ ಕೊಡುವ ಒಬ್ಬ ರೈತರ ಕೈ, ಅವರ ಹೊಲದ ಮಣ್ಣು, ಈ ಸಲ ಕಿತ್ತ ವಾರ ತೋರಿಸಿ. ಅವರ ಒಪ್ಪಿಗೆ ಬರಹದಲ್ಲಿ ಇರಲಿ, ಹೆಸರು ಹಾಕಬೇಕೋ ಬೇಡವೋ ಅವರೇ ಹೇಳಲಿ. ಚಿತ್ರಕ್ಕೆ ಕೂಲಿ ಕೊಡಿ, ಅರ್ಧ ದಿನದ ಕೆಲಸ ಬಿಟ್ಟು ನಿಂತಿರುತ್ತಾರೆ.

ಹಂತ 4: ಬರೆಯಿರಿ

ವಾಟ್ಸಾಪಿಗೆ 40ರಿಂದ 60 ಪದ ಸಾಕು. ಮೊದಲ ಸಾಲು ವಿಭಾವ, ಏಕೆಂದರೆ ತೆರೆಯದೆಯೇ ಕಾಣುವುದು ಅದೊಂದೇ. ‘ಆತ್ಮೀಯ ಗ್ರಾಹಕರೇ’ ಎಂದು ಶುರು ಮಾಡಿದರೆ ಆ ಜಾಗ ಹೋಯಿತು. ನಂತರ ಅದನ್ನು ವಸ್ತುವಿಗೆ ಜೋಡಿಸುವ ಒಂದು ಸಾಲು, ಮೂರನೆಯದಾಗಿ ಕೈಯಲ್ಲಿ ಹಿಡಿಯಬಹುದಾದ ಪುರಾವೆ, ಬೆಲೆ, ಕೊನೆಗೆ ಮಾಡಬೇಕಾದ ಒಂದೇ ಕೆಲಸ. ಹೀಗೆ:

“ಅಜ್ಜಿ ಒಗ್ಗರಣೆ ಹಾಕಿದರೆ ಮೂರನೇ ಮನೆಗೆ ಗೊತ್ತಾಗುತ್ತಿತ್ತು. ಆ ಘಮ ಎಣ್ಣೆಯದು. ಇದು ಮಂಗಳವಾರ ಮರದ ಗಾಣದಲ್ಲಿ ತೆಗೆದು, ಮೂರು ದಿನ ತಿಳಿಯಾಗಲು ಬಿಟ್ಟು, ಶುಕ್ರವಾರ ತುಂಬಿದ್ದು. ಒಂದು ಲೀಟರಿಗೆ ಸುಮಾರು ಎರಡೂವರೆ ಕೆಜಿ ಕಡಲೆಬೀಜ ಹಿಡಿದಿದೆ. ಬೆಲೆ 420 ರೂಪಾಯಿ. ತಳದಲ್ಲಿ ಚೂರು ಗಸಿ ಕಾಣಬಹುದು, ಸೋಸುಯಂತ್ರಕ್ಕೆ ಹಾಕಿಲ್ಲ. ಬೇಕಿದ್ದರೆ ‘ಬೇಕು’ ಎಂದು ಉತ್ತರಿಸಿ, ಭಾನುವಾರದ ಅಡುಗೆಗೆ ಮನೆಯಲ್ಲಿರುತ್ತದೆ.”

ಇದರಲ್ಲಿ ಪ್ರೀತಿ, ಸಂಪ್ರದಾಯ, ನೆನಪು ಎಂಬ ಪದಗಳು ಒಂದೂ ಇಲ್ಲ. ಬರೆದಾದ ಮೇಲೆ ನಿಮ್ಮದರಲ್ಲೂ ಭಾವದ ಹೆಸರುಗಳನ್ನು ಹುಡುಕಿ ಅಳಿಸಿ. ಅಳಿಸಿದ ಮೇಲೆ ಏನೂ ಉಳಿಯದಿದ್ದರೆ ವಿಭಾವ ಸಿಕ್ಕಿಲ್ಲವೆಂದೇ ಅರ್ಥ, ಮೂರನೇ ಹಂತಕ್ಕೆ ಮರಳಿ.

ಪುರಾವೆಯ ಸಾಲನ್ನು ಬಿಡಬೇಡಿ. ಮನಸ್ಸು ಒಪ್ಪಿದವರೂ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ‘ಅಂಗಡಿ ಎಣ್ಣೆಗಿಂತ ಇಷ್ಟು ಜಾಸ್ತಿ ಯಾಕೆ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಹೇಳಲು ಅವರ ಕೈಗೆ ಒಂದು ಮಾತು ಕೊಟ್ಟಿರಬೇಕು. ಬೀಜ ಕೆಜಿಗೆ 120 ರೂಪಾಯಿ ಇದ್ದರೆ ಬೀಜಕ್ಕೇ 300 ಆಯಿತು ಎನ್ನುವ ಲೆಕ್ಕ ಎಲ್ಲರಿಗೂ ತಿಳಿಯುತ್ತದೆ. ಭಾವ ಬಾಗಿಲು ತೆರೆಸುತ್ತದೆ, ಒಳಗೆ ಕೂರಿಸುವುದು ಈ ಲೆಕ್ಕ.

ಹಂತ 5: ವಿಡಿಯೊ

ಇಪ್ಪತ್ತೈದು ಸೆಕೆಂಡು, ಐದು ದೃಶ್ಯ. ಮೊದಲ ಮೂರು ಸೆಕೆಂಡಿನಲ್ಲಿ ಸಾಸಿವೆ ಸಿಡಿಯಬೇಕು. ಹೆಸರು, ಲೋಗೊ, ನಮಸ್ಕಾರ ಯಾವುದೂ ಅಲ್ಲಿ ಬೇಡ. ನಂತರ ಕರಿಬೇವು ಬೀಳುವ ಕೈ, ವಾಸನೆಗೆ ತಲೆಯೆತ್ತುವ ಒಂದು ಮುಖ, ಗಾಣದಿಂದ ಇಳಿಯುವ ಎಣ್ಣೆಯ ದಾರ, ಕೊನೆಗೆ ದಿನಾಂಕ ಮತ್ತು ಬೆಲೆ ಕಾಣುವ ಬಾಟಲಿ. ಸಿಡಿಯುವ ಸದ್ದು ಸ್ಪಷ್ಟವಾಗಿ ಕೇಳಲು ಫ್ಯಾನು, ಮಿಕ್ಸಿ, ಫ್ರಿಜ್ ಆಫ್ ಮಾಡಿ. ಫೋನನ್ನು ಬಾಣಲೆಯಿಂದ ಎರಡು ಅಡಿ ದೂರ, ಪಕ್ಕದಿಂದ ಹಿಡಿಯಿರಿ, ಮೇಲಿನಿಂದ ಹಿಡಿದರೆ ಲೆನ್ಸಿಗೆ ಹಬೆ ಕಟ್ಟುತ್ತದೆ. ಬೆಳಕು ಕಿಟಕಿಯಿಂದ ಪಕ್ಕಕ್ಕೆ ಬೀಳಲಿ. ಹಿನ್ನೆಲೆ ಸಂಗೀತ ಹಾಕಿ ಸಿಡಿತದ ಸದ್ದನ್ನು ಮುಚ್ಚುವುದು ಬಹಳ ಜನ ಮಾಡುವ ತಪ್ಪು. ಸದ್ದು ಆಫ್ ಮಾಡಿ ನೋಡುವವರಿಗಾಗಿ ಎರಡೇ ಸಾಲು ಕನ್ನಡ ಅಕ್ಷರ ಹಾಕಿ.

ನಿಮ್ಮ ಗಾಣ ಮೋಟಾರಿನಲ್ಲಿ ತಿರುಗುವುದಾದರೆ ಎತ್ತು ತಿರುಗುವ ದೃಶ್ಯವನ್ನು ಎಲ್ಲಿಂದಲೋ ತಂದು ಅಂಟಿಸಬೇಡಿ. ಮರದ ಒರಳು ನಿಧಾನವಾಗಿ ತಿರುಗುವುದೇ ನೋಡಲು ಚೆನ್ನ, ಮೋಟಾರು ಇದ್ದರೂ ನಾಚಿಕೆ ಪಡಬೇಕಿಲ್ಲ. ಒಬ್ಬ ಗ್ರಾಹಕ ಗಾಣ ನೋಡಲು ಬಂದ ದಿನ ಸುಳ್ಳು ಹೊರಬೀಳುತ್ತದೆ, ಆಮೇಲೆ ಎಣ್ಣೆಯ ಮೇಲೂ ಅನುಮಾನ.

ಹಂತ 6: ಸಣ್ಣದಾಗಿ ಪರೀಕ್ಷಿಸಿ

ಎರಡು ಬರಹ ಮಾಡಿ, ಮೊದಲ ಸಾಲು ಮಾತ್ರ ಬೇರೆ ಇರಲಿ. ಬೆಲೆ, ಚಿತ್ರ, ಕಳಿಸುವ ಹೊತ್ತು ಒಂದೇ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಜಾಗವಿದೆ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಹೆಸರುಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿ 120 ಜನರ ಎರಡು ಪಟ್ಟಿ ಮಾಡಿ. ಹಳೆಯ ಗ್ರಾಹಕರೆಲ್ಲ ಒಂದೇ ಪಟ್ಟಿಗೆ ಬಿದ್ದರೆ ಪರೀಕ್ಷೆ ಕೆಟ್ಟಿತು. ಸಂಜೆ ಅಡುಗೆಗೆ ಮುನ್ನ, ಐದೂವರೆ ಆರರ ಹೊತ್ತಿಗೆ ಕಳಿಸಿ ಎರಡು ದಿನ ಕಾಯಿರಿ. ಎಣಿಸಬೇಕಾದದ್ದು ಆರ್ಡರ್. ಹೃದಯದ ಗುರುತು, ‘ಸೂಪರ್’ ಎಂಬ ಉತ್ತರ ಲೆಕ್ಕಕ್ಕಿಲ್ಲ. 7 ಮತ್ತು 10 ಬಂದರೆ ವ್ಯತ್ಯಾಸವಿದೆ ಎನ್ನಲಾಗದು, ಅದೃಷ್ಟವಿರಬಹುದು. 6 ಮತ್ತು 18 ಬಂದರೆ ನಂಬಬಹುದು. ಮೆಚ್ಚುಗೆ ಬಹಳ ಬಂದು ಆರ್ಡರ್ ಬರದಿದ್ದರೆ ಭಾವ ಹುಟ್ಟಿದೆ, ಆದರೆ ಅದು ಎಣ್ಣೆಗೆ ಅಂಟಿಕೊಂಡಿಲ್ಲ. ಎರಡನೇ ಸಾಲನ್ನು ತಿದ್ದಿ.

ದಾಟಬಾರದ ಗೆರೆಗಳು

ಮನಸ್ಸು ಮುಟ್ಟುವ ವಿದ್ಯೆ ಬಲವಾದದ್ದು, ಆದ್ದರಿಂದಲೇ ಈ ಗೆರೆಗಳ ಮಾತನ್ನು ಕೊನೆಯ ಟಿಪ್ಪಣಿಯಾಗಿ ಬಿಡಲಾಗದು. ‘ರಿಫೈನ್ಡ್ ಎಣ್ಣೆ ವಿಷ’, ‘ಗಾಣದ ಎಣ್ಣೆ ತಿಂದರೆ ಹೃದಯಾಘಾತ ಬರುವುದಿಲ್ಲ’, ‘ಸಕ್ಕರೆ ಕಾಯಿಲೆ ವಾಸಿ’ ಎಂಬ ಸಂದೇಶಗಳು ದಿನವೂ ಹರಿದಾಡುತ್ತವೆ. ಕಾಯಿಲೆಗೆ ಹೆದರಿದ ಮನೆಯವರ ಮೇಲೆ ಇವು ಬಹಳ ಬೇಗ ಕೆಲಸ ಮಾಡುತ್ತವೆ, ಆ ನಂಬಿಕೆಯಲ್ಲಿ ಯಾರಾದರೂ ಮಾತ್ರೆ ಬಿಟ್ಟರೆ ಹೊಣೆ ಬರೆದವರದು. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ ಎಂದು ಹೇಳುವುದಕ್ಕೂ ಇನ್ನೊಬ್ಬರ ಉತ್ಪನ್ನವನ್ನು ಹೀಗಳೆಯುವುದಕ್ಕೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳು ಅವಕಾಶ ಕೊಡುವುದಿಲ್ಲ. ‘ನೈಸರ್ಗಿಕ’, ‘ಶುದ್ಧ’, ‘ತಾಜಾ’, ‘ಸಾಂಪ್ರದಾಯಿಕ’ ಎಂಬ ಪದಗಳಿಗೂ ಅಲ್ಲಿ ಷರತ್ತುಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಆನ್‌ಲೈನಿನಲ್ಲಿ ಮಾರುವವರು 2023ರ ನವೆಂಬರಿನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಕೊಳ್ಳುವವರ ದಾರಿ ತಪ್ಪಿಸುವ ಆನ್‌ಲೈನ್ ತಂತ್ರ) ಮಾರ್ಗಸೂಚಿಯನ್ನೂ ಓದಬೇಕು. ಅದರಲ್ಲಿ 13 ಬಗೆಯ ಮೋಸಗಳನ್ನು ಹೆಸರಿಸಲಾಗಿದೆ. ಗೋದಾಮಿನಲ್ಲಿ ಇನ್ನೂರು ಬಾಟಲಿ ಇಟ್ಟುಕೊಂಡು ‘ಇನ್ನು ಎರಡೇ ಉಳಿದಿವೆ’ ಎನ್ನುವುದು ಸುಳ್ಳು ತುರ್ತು. ಬೇಡವೆನ್ನುವ ಗುಂಡಿಯ ಮೇಲೆ ‘ನನಗೆ ಮಕ್ಕಳ ಆರೋಗ್ಯ ಮುಖ್ಯವಲ್ಲ’ ಎಂದು ಬರೆಯುವುದು ನಾಚಿಸಿ ಕೊಳ್ಳುವಂತೆ ಮಾಡುವ ತಂತ್ರ. ಎರಡೂ ಆ ಪಟ್ಟಿಯಲ್ಲಿವೆ. ಬಾಟಲಿ ನಿಜಕ್ಕೂ ಕಡಿಮೆ ಇದ್ದರೆ ಕಾರಣ ಸಮೇತ ಹೇಳಿ: ‘ಈ ವಾರ ಎರಡು ಗಾಣ ಮಾತ್ರ ಆಡಿದೆ, 40 ಲೀಟರ್ ಇದೆ.’ ಪ್ರವಾಹ, ಅಪಘಾತ, ಗಣ್ಯರ ಸಾವಿನ ದಿನ ಶೋಕ ಸಂದೇಶದ ಕೆಳಗೆ ನಿಮ್ಮ ಫೋನ್ ನಂಬರ್ ಇರಬಾರದು. ಸುಮ್ಮನಿರುವುದೇ ಮೇಲು.

ನಿಮ್ಮ ಬರಹ ಗೆರೆ ದಾಟಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು. ಈ ಸಂದೇಶ ಓದಿ ನನ್ನ ತಾಯಿ ಕೊಂಡಿದ್ದರೆ, ಒಂದು ತಿಂಗಳ ನಂತರ ಎಲ್ಲ ಸತ್ಯ ತಿಳಿದ ಮೇಲೂ ‘ಕೊಂಡದ್ದು ಸರಿ’ ಎನ್ನುವರೇ?

ಹಂತ 7: ಬಾಟಲಿ ಮನೆ ಸೇರಿದ ಮೇಲೆ

ಜಾಹೀರಾತಿನಲ್ಲಿ ಎಬ್ಬಿಸಿದ ಭಾವ ಬಾಗಿಲಲ್ಲಿ ಒಡೆದುಹೋಗುವುದು ಬಹಳ. ಮುಚ್ಚಳ ಸೋರಿ ಜಿಡ್ಡಾದ ಡಬ್ಬಿ, ಕೆಳಗೆ ಇಟ್ಟು ಹೋದ ಡೆಲಿವರಿ ಹುಡುಗ, ಉತ್ತರ ಬರದ ಫೋನ್. ಮುಚ್ಚಳಕ್ಕೆ ಒಳಸೀಲು ಹಾಕಿ, ಬಾಟಲಿಯನ್ನು ಒಂದು ರಾತ್ರಿ ಅಡ್ಡ ಮಲಗಿಸಿ ಸೋರದ್ದನ್ನು ಮಾತ್ರ ಕಳಿಸಿ. ಜೊತೆಗೆ ಕೈಬರಹದ ಸಣ್ಣ ಚೀಟಿ ಇಡಿ: ತೆಗೆದ ದಿನ, ಮೊದಲು ಯಾವ ಅಡುಗೆಗೆ ಹಾಕಿ ನೋಡಬೇಕು, ಯಾರನ್ನು ಕೇಳಬೇಕು.

ದೂರುಗಳು ಹೆಚ್ಚಾಗಿ ಎರಡೇ ಬಗೆ. ‘ತಳದಲ್ಲಿ ಕೊಳೆ ಇದೆ’ ಮತ್ತು ‘ತೂಕ ಕಡಿಮೆ’. ಎರಡನೆಯದಕ್ಕೆ ಕಾರಣ ಸುಲಭ: ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಒಂದು ಕೆಜಿ ಅಲ್ಲ. ಆದರೆ ಉತ್ತರವನ್ನು ವಿವರಣೆಯಿಂದ ಶುರು ಮಾಡಬೇಡಿ. ಮೋಸ ಹೋದೆನೇ ಎಂಬ ಕಸಿವಿಸಿಯಲ್ಲಿರುವವರಿಗೆ ಪಾಠ ಹೇಳಿದರೆ ಅದು ಸಿಟ್ಟಾಗುತ್ತದೆ. ‘ಫೋಟೊ ಕಳಿಸಿದ್ದು ಒಳ್ಳೆಯದಾಯಿತು, ಮೇಡಂ. ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಅದು ಬೀಜದ ಗಸಿ, ಎರಡು ದಿನ ಅಲುಗಾಡಿಸದೆ ಇಟ್ಟರೆ ತಳಕ್ಕೆ ಇಳಿಯುತ್ತದೆ. ಆಗಲೂ ಸಮಾಧಾನವಾಗದಿದ್ದರೆ ಬಾಟಲಿ ವಾಪಸ್ ತಗೊಂಡು ಹಣ ಕೊಡುತ್ತೇವೆ.’ ಈ ಕ್ರಮದಲ್ಲಿ ಬರೆಯಿರಿ. ಹಣ ಕೊಡುತ್ತೇವೆ ಎಂದ ಮೇಲೆ ಅದೇ ದಿನ ಕೊಡಿ.

ಕೊಂಡ ದಿನಾಂಕವನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಡಿ. ನಾಲ್ಕು ಜನರ ಮನೆಯಲ್ಲಿ ಒಂದು ಲೀಟರ್ ಎಷ್ಟು ದಿನ ಬರುತ್ತದೆ ಎಂಬುದು ಎರಡನೇ ಆರ್ಡರಿನಿಂದಲೇ ತಿಳಿಯುತ್ತದೆ, ಆ ದಿನಕ್ಕೆ ಮೂರು ದಿನ ಮುಂಚೆ ಒಂದೇ ಸಾಲು ಕಳಿಸಿ: ‘ಬಾಟಲಿ ತಲೆಕೆಳಗಾಗಿ ನಿಲ್ಲಿಸುವ ಹೊತ್ತು ಬಂತೇ? ಮಂಗಳವಾರ ಗಾಣ ಆಡುತ್ತಿದೆ.’